ಆಘಾತ, ಗಾಯ, ಪೆಟ್ಟು

‘ಟ್ರಾಮಾ ಕೇರ್ ಸೆಂಟರ್’ ಎಂಬ ಫಲಕ ಕಂಡರೆ ನಮಗೆ ನೆನಪಾಗುವುದು ಆಂಬುಲೆನ್ಸು, ಹೆಲ್ಮೆಟ್ಟಿಲ್ಲದ ತಲೆ, ಪ್ಲಾಸ್ಟರ್ ಹಾಕಿದ ಕಾಲು. ಅದೇ ಟ್ರಾಮಾ ಈಗ ಶಿಕ್ಷಕರ ತರಬೇತಿಗೂ ಬಂದಿದೆ. ಎಕ್ಸ್‌ರೇಯಲ್ಲಿ ಮೂಡದ ಏನನ್ನೋ ಅಲ್ಲಿ ಅದು ಹೇಳಬೇಕು. ಕನ್ನಡದಲ್ಲಿ ಅದಕ್ಕೆ ‘ಆಘಾತ’ ಎಂದು ಹೆಸರಿಟ್ಟಿದ್ದೇವೆ.

ಗ್ರೀಕರಿಗೆ ಟ್ರಾಮಾ ಎಂದರೆ ಬರಿಯ ಗಾಯ. ಹಿಪೊಕ್ರೆಟಿಸನ ಹೆಸರಿನಲ್ಲಿರುವ ವೈದ್ಯಗ್ರಂಥಗಳಲ್ಲೊಂದು ತಲೆಯ ಗಾಯಗಳ ಕುರಿತೇ ಇದೆ. ಎರಡು ಸಾವಿರ ವರ್ಷ ಈ ಪದ ಶಸ್ತ್ರವೈದ್ಯರ ಮನೆಬಿಟ್ಟು ಹೊರಗೆ ಬರಲಿಲ್ಲ. ಹೊರಗೆಳೆದು ತಂದದ್ದು ರೈಲು. ಅಪಘಾತದಲ್ಲಿ ಮೈಮೇಲೆ ಗೀರೂ ಆಗದೆ ಎದ್ದುಬಂದ ಪ್ರಯಾಣಿಕರು ಕೆಲವು ದಿನ ಕಳೆದ ಮೇಲೆ ನಿದ್ದೆಗೆಟ್ಟು, ನಡುಗುತ್ತ, ಪರಿಹಾರ ಕೇಳಿ ಕೋರ್ಟಿಗೆ ಹೋಗತೊಡಗಿದರು. 1866ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಎರಿಕ್ಸನ್ ಇದನ್ನು ಬೆನ್ನುಹುರಿಯ ತೊಂದರೆ ಎಂದ. 1889ರಲ್ಲಿ ಬರ್ಲಿನ್ನಿನ ಓಪನ್‌ಹೈಮ್ ‘ಟ್ರಾಮಾ’ವನ್ನು ನರರೋಗದ ಹೆಸರಿಗೇ ಸೇರಿಸಿದ. ಆಮೇಲೆ ಮಹಾಯುದ್ಧದ ಕಂದಕಗಳು, ವಿಯೆಟ್ನಾಂನಿಂದ ಮರಳಿದ ಸೈನಿಕರು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗಪಟ್ಟಿಯಲ್ಲಿ ಇದಕ್ಕೊಂದು ಜಾಗ ಕೊಟ್ಟಿತು. ಗಾಯ ಮೈಯಿಂದ ಮನಸ್ಸಿಗೆ ದಾಟಿತ್ತು.

ನಮ್ಮ ಪದಕ್ಕೂ ಒಂದು ವಂಶಾವಳಿಯಿದೆ. ಸಂಸ್ಕೃತದ ‘ಹನ್’, ಅಂದರೆ ಹೊಡೆ. ಅದರಿಂದ ಘಾತ, ಆಘಾತ, ಅಪಘಾತ. ವೀಣೆಯ ತಂತಿ ಮೀಟಿದಾಗ ಹುಟ್ಟುವ ‘ಆಹತ’ ನಾದವೂ ಇದೇ ಬಳಗ; ಹೊಡೆತದಿಂದ ಸಂಗೀತ ಹುಟ್ಟುವುದೂ ಉಂಟಲ್ಲ! ಘಾತವೇ ಪ್ರಾಕೃತದ ಬಾಯಲ್ಲಿ ಸವೆದು ‘ಘಾಯ’ವಾಯಿತು, ಕುಮಾರವ್ಯಾಸನ ಯುದ್ಧಪರ್ವಗಳಲ್ಲಿ ಆ ರೂಪ ಸಿಗುತ್ತದೆ. ಇವತ್ತಿನ ನಮ್ಮ ‘ಗಾಯ’ ಅದೇ. ಅಲ್ಲಿಗೆ ಆಘಾತವೂ ಗಾಯವೂ ಒಡಹುಟ್ಟಿದವು: ಒಂದು ಬಿದ್ದ ಏಟಿನ ಹೆಸರು, ಇನ್ನೊಂದು ಉಳಿದ ಗುರುತಿನ ಹೆಸರು. ಗ್ರೀಕ್ ಪದದ ಮೂಲಾರ್ಥ ಎರಡನೆಯದು. ನಾವು ಆರಿಸಿಕೊಂಡದ್ದು ಮೊದಲನೆಯದನ್ನು.

ಅದರ ಪರಿಣಾಮ ಶಾಲೆಯಲ್ಲಿ ಕಾಣುತ್ತದೆ. ಪತ್ರಿಕೆಗಳ ‘ಆಘಾತಕಾರಿ ಸುದ್ದಿ’ ಓದಿ ಬೆಳೆದ ಶಿಕ್ಷಕರಿಗೆ ಆಘಾತವೆಂದರೆ ಭೂಕಂಪ, ಸಾವು, ಬೆಂಕಿ. ಒಮ್ಮೆ ಬಡಿದು ಹೋಗುವಂಥದ್ದು. “ನಮ್ಮ ಕ್ಲಾಸಿನಲ್ಲಿ ಅಂಥ ಮಕ್ಕಳಿಲ್ಲ ಸರ್” ಎಂದುಬಿಡುವುದು ಸುಲಭ. 1998ರಲ್ಲಿ ಅಮೆರಿಕದ ಫೆಲಿಟಿ, ಆಂಡಾ ಮತ್ತು ಸಂಗಡಿಗರು ಪ್ರಕಟಿಸಿದ ಬಾಲ್ಯದ ಕಹಿ ಅನುಭವಗಳ ಅಧ್ಯಯನ ಕೇಳಿದ್ದೇ ಬೇರೆ: ಮನೆಯಲ್ಲಿ ಕುಡುಕರಿದ್ದರೆ? ಅಮ್ಮನಿಗೆ ಹೊಡೆಯುತ್ತಿದ್ದರೆ? ಯಾರಾದರೂ ಜೈಲಿಗೆ ಹೋಗಿದ್ದರೆ? ಸುದ್ದಿಯಾಗದೆ ದಿನದಿನವೂ ನಡೆಯುವ ಸಂಗತಿಗಳು ಇವು. ಶಾಲಾ ಸಿಬ್ಬಂದಿಯ ತರಬೇತಿಗೆ ಇದೇ ಬುನಾದಿ. ಜೋರಾಗಿ ಬಾಗಿಲು ಬಡಿದರೆ ಬೆಚ್ಚುವ ಹುಡುಗ, ಹಿಂದಿನಿಂದ ಬಂದು ಭುಜ ಮುಟ್ಟಿದರೆ ಕೈಯೆತ್ತುವ ಹುಡುಗಿ, ಬೆಂಚಿನ ಮೇಲೆ ತಲೆಯಿಟ್ಟು ಮಲಗುವ ಮಗು: ಇವರ ನಡತೆಯನ್ನು ಉದ್ಧಟತನ, ಸೋಮಾರಿತನ ಎಂದು ಬರೆದುಕೊಳ್ಳುವ ಮುನ್ನ ಕೊಂಚ ನಿಲ್ಲಿ ಎನ್ನುತ್ತದೆ ಅದು. ಬಾಗಿಲನ್ನು ಮೆಲ್ಲಗೆ ಮುಚ್ಚಿ, ಎದುರಿನಿಂದ ಬನ್ನಿ, ಇವತ್ತು ಏನೇನು ನಡೆಯುತ್ತದೆಂದು ಬೆಳಿಗ್ಗೆಯೇ ಹೇಳಿ. ಬೆಲ್ ಹೊಡೆಯುವ ಅಟೆಂಡರಿಗೂ ಬಿಸಿಯೂಟ ಬಡಿಸುವವರಿಗೂ ಇದು ಗೊತ್ತಿರಬೇಕು. ಊಟದ ತಟ್ಟೆ ಮುಟ್ಟದ ಮಗು ಮೊದಲು ಕಣ್ಣಿಗೆ ಬೀಳುವುದು ಅಡುಗೆಯವರಿಗೆ ತಾನೆ?

ಈ ತರಬೇತಿಯ ಪ್ರಸಿದ್ಧ ಸೂತ್ರವೊಂದಿದೆ: “ಏನು ಧಾಡಿ ನಿನಗೆ?” ಎನ್ನುವ ಕಡೆ “ಏನಾಯ್ತು ನಿನಗೆ?” ಎಂದು ಕೇಳಬೇಕು. ಕನ್ನಡದಲ್ಲಿ ಇದು ಸ್ವಲ್ಪ ತೊಡಕು. “ಏನಾಗಿದೆಯೋ ನಿಂಗೆ?” ಎಂಬುದು ನಮ್ಮಲ್ಲಿ ಅಪ್ಪಟ ಬೈಗುಳ. ಅದೇ ಮಾತು “ಏನಾಯ್ತು ಪುಟ್ಟಾ?” ಎಂದಾದರೆ ಮಗು ಬಾಯಿಬಿಡಬಹುದು. ಕೈಪಿಡಿಯಲ್ಲಿ ಅಚ್ಚಾದ ಪ್ರಶ್ನೆಗೆ ದನಿ ಇರುವುದಿಲ್ಲ. ಅದನ್ನು ಕೂತು ಕೇಳಿಸಿಯೇ ಕಲಿಸಬೇಕು.

ಸರ್ಕಾರಿ ಕನ್ನಡದಲ್ಲಿ ಇನ್ನೊಂದು ಪದವಿದೆ, ಸಂತ್ರಸ್ತ. ಅದರ ಮೂಲಾರ್ಥ ಹೆದರಿ ನಡುಗುತ್ತಿರುವವನು. ಟ್ರಾಮಾ ಮೈಯಿಂದ ಮನಸ್ಸಿಗೆ ಹೋದರೆ, ಇದು ಮನಸ್ಸಿನಿಂದ ಕಡತಕ್ಕೆ ಹೋಯಿತು. ನೆರೆ ಸಂತ್ರಸ್ತರು ಎಂದಾಗ ಇಂದು ಯಾರ ಕಿವಿಗೂ ನಡುಕ ಕೇಳಿಸದು, ಪರಿಹಾರದ ಚೆಕ್ಕು ಕಾಣುತ್ತದೆ.

ಜನ ಮಾತ್ರ ಆಡುವುದು “ಮನಸ್ಸಿಗೆ ಪೆಟ್ಟು ಬಿದ್ದಿದೆ” ಎಂದು. ನನಗೆ ಇದೇ ಇಷ್ಟ, ಆದರೆ ಶಾಲೆಯ ಅಂಗಳದಲ್ಲಿ ಈ ಪದಕ್ಕೆ ಇನ್ನೊಂದು ಕೆಲಸವೂ ಇದೆ: “ಎರಡು ಪೆಟ್ಟು ಕೊಟ್ಟರೆ ಸರಿಹೋಗ್ತಾನೆ.” ರೋಗಕ್ಕೂ ಮದ್ದಿಗೂ ಒಂದೇ ಹೆಸರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ‘ಸಂವಾದ್’ ಸಂಕಷ್ಟದಲ್ಲಿರುವ ಮಕ್ಕಳೊಡನೆ ಕೆಲಸ ಮಾಡುವವರಿಗೆ ತರಬೇತಿ ಕೊಡುತ್ತಿದೆ. ಮನೆಯಲ್ಲಿ ಪೆಟ್ಟು ತಿಂದು ಬಂದವನಿಗೆ ಶಾಲೆಯಲ್ಲೂ ಪೆಟ್ಟು ಕೊಡುವ ಸ್ಟಾಫ್ ರೂಮುಗಳಲ್ಲಿ ಆ ತರಬೇತಿ ಎಲ್ಲಿಂದ ಶುರುವಾಗಬೇಕೆಂದರೆ, ಬೀರುವಿನ ಮೇಲಿಟ್ಟ ಬೆತ್ತದಿಂದ.