ಲಿವರ್ ಕೆಟ್ಟರೆ ಕಿಡ್ನಿ ಯಾಕೆ ನಿಲ್ಲುತ್ತದೆ?

ಲಿವರ್ ಕಾಯಿಲೆ ಅಂತ ಆಸ್ಪತ್ರೆಗೆ ಸೇರಿಸಿದವರಿಗೆ ನಾಲ್ಕು ದಿನ ಬಿಟ್ಟು "ಕಿಡ್ನಿಯೂ ಫೇಲ್ ಆಗ್ತಾ ಇದೆ" ಎಂದು ಡಾಕ್ಟರು ಹೇಳಿದರೆ ಮನೆಯವರಿಗೆ ದಿಕ್ಕೇ ತೋಚುವುದಿಲ್ಲ. ಔಷಧಿ ತಪ್ಪಾಯಿತೇ ಎಂಬ ಸಂಶಯವೂ ಬರುತ್ತದೆ. ಆದರೆ ಲಿವರ್ ತೀರಾ ಹದಗೆಟ್ಟಾಗ ಕಿಡ್ನಿ ಸೋಲುವುದು ವೈದ್ಯರಿಗೆ ಗೊತ್ತಿರುವ ತೊಡಕು. ಹೆಸರು ಹೆಪಟೋರೀನಲ್ ಸಿಂಡ್ರೋಮ್.

ಆಗುವುದೇನು?

ವರ್ಷಗಟ್ಟಲೆ ಕುಡಿತ, ಹೆಪಟೈಟಿಸ್ ಬಿ ಅಥವಾ ಸಿ, ಫ್ಯಾಟಿ ಲಿವರ್ ಇವುಗಳಿಂದ ಲಿವರ್ ಗಟ್ಟಿಯಾಗುವುದೇ ಸಿರೋಸಿಸ್. ಆಗ ಕರುಳಿನಿಂದ ಲಿವರ್‌ಗೆ ಹೋಗುವ ರಕ್ತಕ್ಕೆ ದಾರಿ ಇಕ್ಕಟ್ಟಾಗಿ ಒತ್ತಡ ಏರುತ್ತದೆ. ಕರುಳಿನ ಸುತ್ತಲಿನ ರಕ್ತನಾಳಗಳು ಹಿಗ್ಗಿ ರಕ್ತ ಅಲ್ಲೇ ಉಳಿಯುತ್ತದೆ. ರಕ್ತ ಸಾಲದು ಎಂದು ತಿಳಿದ ದೇಹ ಕಿಡ್ನಿಯ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ಮೂತ್ರ ಕಡಿಮೆಯಾಗುತ್ತದೆ. ಅಂದರೆ ಶುರುವಿನಲ್ಲಿ ಕಿಡ್ನಿ ಹಾಳಾಗಿರುವುದಿಲ್ಲ, ಅದಕ್ಕೆ ರಕ್ತ ಸಿಗುತ್ತಿಲ್ಲ ಅಷ್ಟೆ. ಇಂಥ ರೋಗಿಗಳ ಕಿಡ್ನಿಯನ್ನು ಬೇರೆಯವರಿಗೆ ಕಸಿ ಮಾಡಿದಾಗ ಅದು ಕೆಲಸ ಮಾಡಿದ್ದು 1969ರಲ್ಲೇ ವರದಿಯಾಗಿದೆ.

ಯಾವುದರಿಂದ ಅಪಾಯ?

ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಅಪಾಯ ಹೆಚ್ಚು. ಆ ನೀರಿಗೆ ಸೋಂಕು ತಗಲುವುದು, ರಕ್ತ ವಾಂತಿ, ಭೇದಿ, ನೀರಿಳಿಸುವ ಮಾತ್ರೆ ಅತಿಯಾಗುವುದು ಇವು ಕಾರಣವಾಗಬಹುದು. ಗಲ್ಫ್‌ನಲ್ಲಿ ಬಿಸಿಲಲ್ಲಿ ದುಡಿದು ಬಂದು ಮೈಕೈ ನೋವಿಗೆ ಫಾರ್ಮಸಿಯಿಂದ ಐಬುಪ್ರೊಫೆನ್, ಡೈಕ್ಲೋಫೆನಾಕ್ ನುಂಗುವುದು ಹಲವರಿಗೆ ರೂಢಿ. ಸಿರೋಸಿಸ್ ಇದ್ದವರ ಕಿಡ್ನಿಗೆ ಇವು ದೊಡ್ಡ ಪೆಟ್ಟು. ಪ್ಯಾರಸಿಟಮಾಲ್ ಕೂಡ ಡಾಕ್ಟರು ಹೇಳಿದಷ್ಟೇ ತಗೋಬೇಕು.

ರಿಪೋರ್ಟ್ ಓದುವುದು ಹೇಗೆ?

ಇಲ್ಲಿ ನೋಡಬೇಕಾದ ಅಂಕಿ ಕ್ರಿಯಾಟಿನಿನ್. ಲಿವರ್ ರೋಗಿಗಳಲ್ಲಿ ಮಾಂಸಖಂಡ ಕರಗಿರುವುದರಿಂದ ಈ ಅಂಕಿ ಮೊದಲೇ ಕಡಿಮೆ ಇರುತ್ತದೆ. 0.7 ಇದ್ದದ್ದು 1.1 ಆದರೆ ಲ್ಯಾಬ್ "ನಾರ್ಮಲ್" ಅಂತಲೇ ಬರೆಯಬಹುದು. ಆದರೆ 48 ಗಂಟೆಯೊಳಗೆ 0.3 ಏರಿದರೆ, ಇಲ್ಲವೇ 7 ದಿನದೊಳಗೆ ಒಂದೂವರೆ ಪಟ್ಟಾದರೆ ಕಿಡ್ನಿಗೆ ಪೆಟ್ಟು ಬಿದ್ದಿದೆ ಎಂದೇ ವೈದ್ಯರ ಲೆಕ್ಕ. ಆದ್ದರಿಂದ ಹಳೇ ರಿಪೋರ್ಟ್ ಇಲ್ಲದೆ ಹೊಸದು ಪೂರ್ತಿ ಅರ್ಥವಾಗದು.

ಮೂತ್ರ ಕಡಿಮೆಯಾದರೆ, ಜ್ವರ ಅಥವಾ ಹೊಟ್ಟೆನೋವು ಬಂದರೆ, ಮಂಪರು, ತಡವರಿಸುವ ಮಾತು ಕಂಡರೆ ಅದೇ ದಿನ ಎಮರ್ಜೆನ್ಸಿಗೆ ಹೋಗಬೇಕು. ರಜೆಗೆ ಊರಿಗೆ ಹೋದಾಗ ತೋರಿಸೋಣ ಎಂದು ಕಾಯಬಾರದು.

ಚಿಕಿತ್ಸೆ

ನೀರಿಳಿಸುವ ಮಾತ್ರೆ ನಿಲ್ಲಿಸಿ, ಸೋಂಕಿಗೆ ಔಷಧಿ ಕೊಟ್ಟು, ಆಲ್ಬುಮಿನ್ ಏರಿಸುತ್ತಾರೆ. ಜೊತೆಗೆ ಹಿಗ್ಗಿದ ರಕ್ತನಾಳಗಳನ್ನು ಬಿಗಿಗೊಳಿಸುವ ಟೆರ್ಲಿಪ್ರೆಸಿನ್ ಅಥವಾ ನಾರ್‌ಅಡ್ರಿನಲಿನ್ ಕೊಡುತ್ತಾರೆ. ಬೇಗ ಶುರುವಾದಷ್ಟೂ ಫಲ ಹೆಚ್ಚು. ಡಯಾಲಿಸಿಸ್ ಕೆಲವರಿಗೆ ತಾತ್ಕಾಲಿಕ ಆಸರೆ ಮಾತ್ರ. ಶಾಶ್ವತ ಪರಿಹಾರ ಲಿವರ್ ಕಸಿ. ಹೊಸ ಲಿವರ್ ಬಂದ ಮೇಲೆ ಅನೇಕರ ಕಿಡ್ನಿ ತಾನೇ ಚೇತರಿಸಿಕೊಳ್ಳುತ್ತದೆ. ಹತ್ತಿರದ ಸಂಬಂಧಿಕರು ಲಿವರ್‌ನ ಒಂದು ಭಾಗ ದಾನ ಮಾಡಬಹುದು. ಮೃತರ ಅಂಗದಾನಕ್ಕೆ ಕರ್ನಾಟಕದಲ್ಲಿ 'ಜೀವಸಾರ್ಥಕತೆ' ವ್ಯವಸ್ಥೆ ಇದ್ದು, ಆಸ್ಪತ್ರೆಯ ಮೂಲಕ ಹೆಸರು ನೋಂದಾಯಿಸಬೇಕು.

ಸಿರೋಸಿಸ್ ಇದ್ದವರು ಪ್ರತಿ ರಕ್ತ ಪರೀಕ್ಷೆಯ ರಿಪೋರ್ಟನ್ನು ತಾರೀಖಿನ ಪ್ರಕಾರ ಒಂದೇ ಫೈಲಿನಲ್ಲಿಟ್ಟು, ಅದರ ಫೋಟೋ ಊರಿನ ಮನೆಯವರಿಗೂ ಕಳಿಸಿರಲಿ. ರಾತ್ರೋರಾತ್ರಿ ಯಾವ ಆಸ್ಪತ್ರೆಗೆ ಸೇರಿದರೂ ಅಲ್ಲಿಯ ಡಾಕ್ಟರು ಮೊದಲು ಕೇಳುವುದು ಹಿಂದಿನ ಅಂಕಿಯನ್ನೇ.