ಟ್ರಾಂ ಗಾಡಿ ಉಳಿಸಿದ ಗೆಳೆಯರು

ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ ಹಿಂದೆ ಮದರಾಸಿನಲ್ಲೋ ಮುಂಬಯಿಯಲ್ಲೋ ಇದ್ದವರಾದರೆ ಟ್ರಾಂ ಗಾಡಿಯ ಮಾತೆತ್ತಿ ನೋಡಿ. ಬೀದಿಯ ನಡುವೆ ಹಾಸಿದ ಕಂಬಿಯ ಮೇಲೆ ಗಂಟೆ ಬಾರಿಸುತ್ತ ಸಾಗುತ್ತಿದ್ದ ಆ ವಾಹನ ಮದರಾಸಿನಲ್ಲಿ 1953ರಲ್ಲಿ ನಿಂತಿತು, ಮುಂಬಯಿಯಲ್ಲಿ 1964ರಲ್ಲಿ. ಬಸ್ಸು ಬಂತು, ಟ್ರಾಂ ಹೋಯಿತು. ಜನ ಎರಡು ದಿನ ಮರುಗಿ ಮೂರನೆಯ ದಿನ ಬಸ್ಸಿಗೆ ಸಾಲುಗಟ್ಟಿ ನಿಂತರು. ಲೋಕದ ರೀತಿಯೇ ಹಾಗೆ. ಆದರೆ ಆ ಮರುಕವನ್ನು ಮರೆಯಲೊಲ್ಲದೆ ಕೈಗೆ ಸುತ್ತಿಗೆ ತೆಗೆದುಕೊಂಡವರೂ ಉಂಟು. ಅಂಥವರ ಕಥೆ ಇದು.

ಅಮೆರಿಕದ ರಿಚ್ಮಂಡ್ ನಗರದಲ್ಲಿ 1888ರಲ್ಲಿ ಫ್ರಾಂಕ್ ಸ್ಪ್ರೇಗ್ ಎಂಬ ಇಂಜಿನಿಯರು ಊರಿಗೆಲ್ಲ ಸಾಕಾಗುವಂಥ ವಿದ್ಯುತ್ ಟ್ರಾಂ ವ್ಯವಸ್ಥೆಯನ್ನು ನಡೆಸಿ ತೋರಿಸಿದನು. ಗಾಡಿಯ ನೆತ್ತಿಯಿಂದ ಎದ್ದ ಕೋಲು, ಕೋಲಿನ ತುದಿಯಲ್ಲಿ ತಂತಿಗೆ ತಾಗಿ ಉರುಳುವ ಪುಟ್ಟ ಗಾಲಿ. ಆ ಗಾಲಿಗೆ ಟ್ರಾಲಿ ಎಂದು ಹೆಸರು. ಗಾಲಿಯ ಹೆಸರೇ ಗಾಡಿಗೂ ಅಂಟಿತು. ಮೂವತ್ತು ವರ್ಷಗಳಲ್ಲಿ ಆ ದೇಶದ ಸಣ್ಣಪುಟ್ಟ ಊರುಗಳಿಗೂ ಟ್ರಾಲಿ ಹಬ್ಬಿತು. ಬಳಿಕ ಮೋಟಾರು ಕಾರು ಬಂದು ಹಬ್ಬಿದ್ದೆಲ್ಲ ಕುಗ್ಗಿತು. ಹಳೆಯ ಗಾಡಿಗಳು ಕೆಲವು ಬೇಸಗೆಯ ಬಿಡಾರಗಳಾದವು, ಕೆಲವು ಕೋಳಿಗೂಡುಗಳಾದವು. ಮಿನ್ನಿಯಾಪೊಲಿಸ್ ನಗರದಲ್ಲಂತೂ 1954ರಲ್ಲಿ ಗಾಡಿಗೆ ಬೆಂಕಿಯಿಟ್ಟು ಕಂಪನಿಯ ಯಜಮಾನರು ಅದರ ಮುಂದೆ ಛಾಯಾಚಿತ್ರ ತೆಗೆಸಿಕೊಂಡರು!

ಮೇಯ್ನ್ ಪ್ರಾಂತದ ಬಿಡೆಫರ್ಡ್ ಮತ್ತು ಸಾಕೋ ಊರುಗಳ ಟ್ರಾಲಿ 1939ರಲ್ಲಿ ನಿಲ್ಲುವುದೆಂದಾಯಿತು. ಟ್ರಾಲಿಯ ಹುಚ್ಚು ಹಿಡಿದ ಕೆಲವರು ಯುವಕರು ಹಣ ಕೂಡಿಸಿ 31ನೆಯ ನಂಬರಿನ ಗಾಡಿಯನ್ನು 150 ಡಾಲರಿಗೆ ಕೊಂಡರು. ಪಕ್ಕಗಳಲ್ಲಿ ಗೋಡೆಯಿಲ್ಲದ, ಗಾಳಿಗೆ ತೆರೆದ ಬೇಸಗೆಯ ಗಾಡಿ ಅದು, 1900ರಲ್ಲಿ ಕಟ್ಟಿದ್ದು. ಕೊಂಡದ್ದೇನೋ ಸರಿ, ಇಡುವುದೆಲ್ಲಿ? ಸೀರೆ ಬಚ್ಚಿಟ್ಟಂತೆ ಟ್ರಾಂ ಗಾಡಿಯನ್ನು ಪೆಟ್ಟಿಗೆಯಲ್ಲಿ ಬಚ್ಚಿಡಲಾದೀತೆ? ಕೆನ್ನಿಬಂಕ್‌ಪೋರ್ಟಿನ ಬಳಿ, ಹಿಂದೆ ಟ್ರಾಲಿ ಓಡಿ ಎಂದೋ ಕಂಬಿ ಕಿತ್ತುಹೋಗಿದ್ದ ದಾರಿಯ ಮಗ್ಗುಲಲ್ಲಿ ಒಂದು ತುಂಡು ನೆಲ ಹಿಡಿದು ಅಲ್ಲಿ ನಿಲ್ಲಿಸಿದರು. ಕಂಬಿಯಿಲ್ಲ, ತಂತಿಯಿಲ್ಲ, ವಿದ್ಯುಚ್ಛಕ್ತಿಯಿಲ್ಲ, ಮೇಲೆ ಚಪ್ಪರವೂ ಇಲ್ಲ. ಹಿಮ ಸುರಿಯುವ ಸೀಮೆ ಬೇರೆ. ನೋಡಿದವರಿಗೆ ಇದು ಶುದ್ಧ ಮರುಳೆಂದು ತೋರಿದ್ದರೆ ಆಶ್ಚರ್ಯವಿಲ್ಲ. ಅದೇ ಮರುಳು ಇಂದು ಸೀಶೋರ್ ಟ್ರಾಲಿ ವಸ್ತುಸಂಗ್ರಹಾಲಯ. ಇನ್ನೂರಕ್ಕೂ ಮಿಕ್ಕಿದ ವಾಹನಗಳು ಅಲ್ಲಿವೆ. 1957ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಟ್ರಾಂ ನಿಂತಾಗ ಕೊನೆಯ ಗಾಡಿ ಹಡಗೇರಿ ಬಂದು ಸೇರಿದ್ದೂ ಇಲ್ಲಿಗೇ.

ಕನೆಕ್ಟಿಕಟ್ ಪ್ರಾಂತದವರ ಅದೃಷ್ಟ ಇನ್ನೂ ಚೆನ್ನಾಗಿತ್ತು. ಅಲ್ಲಿನ ಗೆಳೆಯರು 1945ರಲ್ಲಿ ಸಂಘ ಕಟ್ಟಿದರು. 1947ರಲ್ಲಿ ಕಂಪನಿ ಕೈಬಿಟ್ಟ ಮಾರ್ಗದ ಒಂದು ಭಾಗವೇ, ಹಾಸಿದ ಕಂಬಿಯ ಸಮೇತ, ಅವರಿಗೆ ಸಿಕ್ಕಿತು.

ಇಂಥಲ್ಲಿ ದುಡಿಯುವವರು ಬಹುಮಟ್ಟಿಗೆ ಸಂಬಳವಿಲ್ಲದ ಸ್ವಯಂಸೇವಕರು. ವಾರವೆಲ್ಲ ಕಚೇರಿಯಲ್ಲಿ ಲೆಕ್ಕ ಬರೆದವನು, ಶಾಲೆಯಲ್ಲಿ ಪಾಠ ಹೇಳಿದವನು, ಶನಿವಾರ ಬಂದಿತೆಂದರೆ ಹಳೆಯ ಅಂಗಿ ತೊಟ್ಟು ಹಾಜರು. ಲಡ್ಡುಹಿಡಿದ ಮರದ ದಿಮ್ಮಿಯನ್ನು ಕಂಬಿಯಡಿಯಿಂದ ಎಳೆದು ಹೊಸದನ್ನು ತೂರಿಸಬೇಕು. ಅದು ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಪದರಪದರವಾಗಿ ಬಣ್ಣ ಹೆರೆದು ಕೆಳಗಿನ ಮೊದಲ ಬಣ್ಣವನ್ನು ಕಾಣಬೇಕು. ಕೋಳಿಗೂಡಾಗಿದ್ದ ಗಾಡಿ ಸಿಕ್ಕಿತೆನ್ನಿ, ಅದಕ್ಕೆ ಗಾಲಿಯಿಲ್ಲ, ಮೋಟಾರಿಲ್ಲ. ಅವನ್ನು ಬೇರೆಲ್ಲಿಂದಲೋ ಹುಡುಕಿ ತರಬೇಕು. ಒಂದೊಂದು ಗಾಡಿಗೆ ಹತ್ತು ಹದಿನೈದು ವರ್ಷ ಹಿಡಿಯುವುದೂ ಉಂಟು. ಅಷ್ಟು ವರ್ಷ ಒಂದೇ ಹಲಗೆಯ ಎರಡು ಕೊನೆಗಳನ್ನು ಹಿಡಿದವರ ನಡುವೆ ಬೆಳೆಯುವ ಸ್ನೇಹಕ್ಕೆ ಹೆಚ್ಚು ಮಾತು ಬೇಕಾಗುವುದಿಲ್ಲ. ಜಗಳವೂ ಉಂಟು ಅನ್ನಿ. ಹಸಿರು ಬಣ್ಣ ಇಷ್ಟೇ ಗಾಢವೋ ಇನ್ನೂ ಕೊಂಚವೋ ಎಂಬ ವಾದಕ್ಕೆ ಊಟ ತಣ್ಣಗಾದೀತು.

ದೊಡ್ಡ ವಾದ ಮಾತ್ರ ಬೇರೆ. ಗಾಡಿಯನ್ನು ಓಡಿಸಬೇಕೆ, ಇಡಬೇಕೆ? ಓಡಿಸಿದರೆ ನೂರು ವರ್ಷದ ಗಾಲಿ ಸವೆಯುತ್ತದೆ. ಸವೆದದ್ದನ್ನು ಬದಲಿಸುತ್ತ ಹೋದರೆ ಹಳೆಯದೆಂದು ಉಳಿಯುವುದೇನು? ಓಡಿಸದೆ ಇಟ್ಟರೋ, ಓಡಿಸುವ ವಿದ್ಯೆಯೇ ಸಾಯುತ್ತದೆ. 600 ವೋಲ್ಟಿನ ಶಕ್ತಿಯನ್ನು ಹಿತ್ತಾಳೆಯ ಹಿಡಿಕೆಯಿಂದ ಹಂತಹಂತವಾಗಿ ಬಿಡುವುದು, ಒದ್ದೆ ಎಲೆ ಬಿದ್ದ ಕಂಬಿಯ ಮೇಲೆ ಮರಳು ಉದುರಿಸಿ ಗಾಡಿಯನ್ನು ನಿಲ್ಲಿಸುವುದು, ಇವು ಪುಸ್ತಕ ಓದಿ ಬರುವಂಥವಲ್ಲ. ಬಲ್ಲವನ ಪಕ್ಕದಲ್ಲಿ ನಿಂತು ಕಲಿಯಬೇಕು. ಬಲ್ಲವರು ವರ್ಷವರ್ಷಕ್ಕೂ ಕಡಿಮೆಯಾಗುತ್ತಾರೆ. ನನ್ನ ಮತ ಓಡಿಸುವವರ ಕಡೆಗೆ. ಗಾಲಿಯನ್ನು ಮತ್ತೆ ಎರಕ ಹೊಯ್ಯಬಹುದು, ಕೈಯ ಹದವನ್ನು ಹೊಯ್ಯಲಾಗದು.

ಆ 31ನೆಯ ಗಾಡಿ ಈಗಲೂ ಸೀಶೋರಿನಲ್ಲಿದೆ. 1980ರಲ್ಲಿ ಅದನ್ನು ಆ ದೇಶದ ಐತಿಹಾಸಿಕ ಸ್ಮಾರಕಗಳ ಪಟ್ಟಿಗೆ ಸೇರಿಸಿದರು. ಅಲ್ಲಿ ಹೊಸಬರು ಕಲಿಯುವ ಮೊದಲ ಪಾಠಗಳಲ್ಲಿ ಗಂಟೆಯ ಸಂಜ್ಞೆಯೂ ಒಂದು. ಹಿಂದಿನಿಂದ ಕಂಡಕ್ಟರು ಒಂದು ಬಾರಿಸಿದರೆ ಮುಂದಿನ ತಂಗುದಾಣದಲ್ಲಿ ನಿಲ್ಲು, ಮೂರು ಬಾರಿಸಿದರೆ ಇದ್ದಲ್ಲೇ ನಿಲ್ಲು, ಎರಡು ಬಾರಿಸಿದರೆ ಹೊರಡು. ಮುಂದಿರುವವನು ತಿರುಗಿ ನೋಡುವಂತಿಲ್ಲ. ಹಿಂದಿರುವ ಗೆಳೆಯ ಎಲ್ಲರನ್ನೂ ಹತ್ತಿಸಿಕೊಂಡಿದ್ದಾನೆಂದು ನಂಬಿ ಹಿಡಿಕೆ ತಿರುಗಿಸುತ್ತಾನೆ.