ನಿರುದ್ಧ: ಲ.ಸಾ.ಅ.ದ ಹಳೆಯ ಹೆಸರು

ಬಳಗದ ಮಕ್ಕಳು ಭಿನ್ನರಾಶಿಗಳನ್ನು ಕೂಡಿಸಲು ಕಲಿಯುವ ವಯಸ್ಸಿಗೆ ಬಂದಾಗ ಮನೆಯ ಹಿರಿಯರಿಗೆ ತಮ್ಮ ಶಾಲೆಯ 'ಲ.ಸಾ.ಅ.' ನೆನಪಾಗುತ್ತದೆ. ಲಘುತಮ ಸಾಮಾನ್ಯ ಅಪವರ್ತ್ಯವೆಂಬ ಈ ಉದ್ದ ಹೆಸರಿನ ಲೆಕ್ಕಕ್ಕೆ ಸಾವಿರದ ನೂರು ವರ್ಷಗಳಿಗೂ ಹಿಂದೆ ಒಂದು ಚಿಕ್ಕ ಹೆಸರಿತ್ತು: ನಿರುದ್ಧ. ಅದು ಕಾಣುವುದು ಮಹಾವೀರಾಚಾರ್ಯರು ಕ್ರಿ.ಶ. 850ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ.

ಗ್ರಂಥದ ಆರಂಭದಲ್ಲಿ ಆಚಾರ್ಯರು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಸ್ತುತಿಸುತ್ತಾರೆ. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವೇ ಆತನ ರಾಜಧಾನಿ ಮಾನ್ಯಖೇಟ. 'ಕವಿರಾಜಮಾರ್ಗ' ಹುಟ್ಟಿದ್ದೂ ಆತನ ಆಸ್ಥಾನದಲ್ಲಿಯೇ. ಗಣಿತವು ಎಲ್ಲೆಲ್ಲಿ ಬೇಕೆಂದು ಹೇಳುವಾಗ ಆಚಾರ್ಯರು ಸಂಗೀತ, ನಾಟಕ, ಅಡುಗೆಗಳೊಡನೆ ವೈದ್ಯವನ್ನೂ ಸೇರಿಸಿದ್ದಾರೆ. ಆರು ಗಂಟೆಗೊಮ್ಮೆ ಒಂದು, ಎಂಟು ಗಂಟೆಗೊಮ್ಮೆ ಇನ್ನೊಂದು ಮಾತ್ರೆ ಬರೆದುಕೊಡುವ ನನ್ನಂಥವರಿಗೆ ಇದು ಸಂತೋಷದ ಮಾತು; ಎರಡೂ ಮತ್ತೆ ಒಟ್ಟಿಗೆ ಬರುವುದು 24 ಗಂಟೆಗಳ ನಂತರ.

ಭಿನ್ನರಾಶಿಗಳನ್ನು ಕೂಡಿಸಲು ಛೇದಗಳನ್ನೆಲ್ಲ ಪರಸ್ಪರ ಗುಣಿಸುವ ಕ್ರಮವನ್ನು ಏಳನೆಯ ಶತಮಾನದ ಬ್ರಹ್ಮಗುಪ್ತನೇ ಹೇಳಿದ್ದನು. ಉತ್ತರ ಸರಿಯಾಗಿಯೇ ಬರುತ್ತದೆ, ಆದರೆ ಸಂಖ್ಯೆಗಳು ಬೆಳೆದುಬಿಡುತ್ತವೆ. 1/6, 1/10, 1/15 ಇವುಗಳನ್ನು ಹಾಗೆ ಕೂಡಿಸಲು ಹೊರಟರೆ ಛೇದ 900 ಆಗುತ್ತದೆ. ಮಹಾವೀರಾಚಾರ್ಯರ ಸೂತ್ರದ ತಾತ್ಪರ್ಯ ಬೇರೆ: ಛೇದಗಳ ಸಾಮಾನ್ಯ ಅಪವರ್ತನಗಳನ್ನು ತೆಗೆದುಕೊಳ್ಳಿ, ಭಾಗಿಸಿದ ಮೇಲೆ ಉಳಿದ ಲಬ್ಧಗಳನ್ನೂ ತೆಗೆದುಕೊಳ್ಳಿ, ಇವೆಲ್ಲವುಗಳ ಗುಣಲಬ್ಧವೇ ನಿರುದ್ಧ. 6, 10, 15 ಇವುಗಳನ್ನು 2ರಿಂದ ಭಾಗಿಸಿದರೆ 3, 5, 15. ಬಳಿಕ 3ರಿಂದ 1, 5, 5. ಕಡೆಗೆ 5ರಿಂದ 1, 1, 1. ನಿರುದ್ಧ 30. ಮೊತ್ತ 10/30, ಅಂದರೆ 1/3.

ಸೂತ್ರವು ಅತಿ ಸಂಕ್ಷಿಪ್ತ. ಅವಿಭಾಜ್ಯ ಸಂಖ್ಯೆಗಳ ಮಾತು ಅದರಲ್ಲಿಲ್ಲ. ಹಾಗಾದರೆ ನಮ್ಮ ಮೇಷ್ಟ್ರು 2, 3, 5, 7 ಇವುಗಳಿಂದಲೇ ಭಾಗಿಸಬೇಕೆಂದು ಹಟ ಹಿಡಿಯುತ್ತಿದ್ದುದೇಕೆ? 4, 12, 18 ಇವುಗಳನ್ನು ನೋಡಿ. ಅವಸರಪಟ್ಟು 12 ಮತ್ತು 18ನ್ನು 6ರಿಂದ ಭಾಗಿಸಿದರೆ 4, 2, 3 ಉಳಿಯುತ್ತವೆ. ಮತ್ತೆ 2ರಿಂದ ಭಾಗಿಸಿದರೆ 2, 1, 3. ಗುಣಲಬ್ಧ 72. ನಿಜವಾದ ಉತ್ತರ 36! 6ರೊಳಗೆ ಅಡಗಿದ್ದ 2ನ್ನು 4ರಿಂದಲೂ ತೆಗೆಯಬೇಕಿತ್ತು. ಅವಿಭಾಜ್ಯಗಳಿಂದ ಭಾಗಿಸಿದರೆ ಹೀಗೆ ಏನೂ ಅಡಗಿರಲಾರದು. ಮಕ್ಕಳು ಕೇಳಿದಾಗ 'ನಿಯಮ ಹಾಗಿದೆ' ಎನ್ನುವುದಕ್ಕಿಂತ ಈ ಲೆಕ್ಕವನ್ನು ಮಾಡಿ ತೋರಿಸುವುದು ಲೇಸು.

ಹಾಗೆಂದು ಲ.ಸಾ.ಅ.ವನ್ನು ಜಗತ್ತಿಗೆ ಮೊದಲು ಕೊಟ್ಟವರು ನಾವೇ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹಂಚಬೇಕಾಗಿಲ್ಲ. ಕ್ರಿ.ಪೂ. 300ರ ಸುಮಾರಿನ ಯೂಕ್ಲಿಡ್ ತನ್ನ 'ಎಲಿಮೆಂಟ್ಸ್'ನ ಏಳನೆಯ ಭಾಗದಲ್ಲಿ ಅದನ್ನು ಸಾಧಿಸಿ, ಒಂಬತ್ತನೆಯ ಭಾಗದಲ್ಲಿ ಅವಿಭಾಜ್ಯಗಳಿಗೆ ಕೊನೆಯಿಲ್ಲವೆಂದೂ ತೋರಿಸಿದ್ದಾನೆ. ಭಾರತೀಯ ಗ್ರಂಥಗಳಲ್ಲಿ ಭಿನ್ನರಾಶಿಗಳ ಸಂಕಲನಕ್ಕೆ ಈ ಉಪಾಯವನ್ನು ಹೇಳಿದವರಲ್ಲಿ ಮಹಾವೀರಾಚಾರ್ಯರೇ ಮೊದಲಿಗರೆಂಬುದು ಗಣಿತೇತಿಹಾಸಕಾರರ ಮತ. ನನಗೆ ಅಷ್ಟೇ ಸಾಕು.

ಈ ಗ್ರಂಥ ದಕ್ಷಿಣದಲ್ಲಿ ಶತಮಾನಗಳ ಕಾಲ ಬಳಕೆಯಲ್ಲಿತ್ತು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಇದನ್ನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು 'ವ್ಯವಹಾರಗಣಿತ' ಮೊದಲಾದ ಗ್ರಂಥಗಳನ್ನು ಕನ್ನಡದಲ್ಲಿಯೇ ರಚಿಸಿದನು. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ 'ಗಣಿತಸಾರಸಂಗ್ರಹ'ವನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದಾಗ ಅವರ ಮುಂದಿದ್ದ ಹಸ್ತಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು.